ದಕ್ಕೆಗೆ ಕಟ್ಟಿದ ಬೋಟು ‘ಲಂಗರು ಹಾಕಿದೆ’ ಅನ್ನಬಹುದೇ?

ಮಲ್ಪೆ_ತೀರ: ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಂತ ಕೂಡಲೇ ‘ಬಂದರಿನಲ್ಲಿ ಲಂಗರು ಹಾಕಿದ ಬೋಟುಗಳು’ ಅಂತ ಫೋಟೊ ಬರ್ತದೆ. ನೋಡಿದರೆ ಎಲ್ಲವೂ ದಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ಹಗ್ಗ ಕಟ್ಟಿ ಒಂದಕ್ಕೊಂದು ತಾಗಿ ನಿಂತಿರ್ತವೆ. ಈ ಬಳಕೆ ಸರಿಯಾ? ಪದದ ಮೂಲ ಎಲ್ಲಿಯದು? ಗುರುದ್ವಾರದ ಲಂಗರ್‌ಗೂ ಇದಕ್ಕೂ ಸಂಬಂಧ ಉಂಟಾ?

ದಕ್ಕೆಯಂಚು: ಸರಿಯಲ್ಲ. ಲಂಗರು ಹಾಕುವುದೆಂದರೆ ನೆಲ ಕಚ್ಚುವ ಕಬ್ಬಿಣವನ್ನು ನೀರಿನ ತಳಕ್ಕೆ ಇಳಿಸುವುದು. ದಕ್ಕೆಗೆ ಹಗ್ಗ ಬಿಗಿದರೆ ಅದು ‘ಕಟ್ಟಿದ್ದು’, ಅಷ್ಟೇ. ಪಣಂಬೂರು ಬಂದರಿನ ಹೊರಗೆ ಸರದಿ ಕಾಯುವ ಹಡಗು ಲಂಗರು ಹಾಕಿರುತ್ತದೆ. ಅದೇ ಹಡಗು ಒಳಗೆ ಬಂದು ದಕ್ಕೆಗೆ ತಾಗಿದ ಮೇಲೆ ಲಂಗರು ಎತ್ತಿ ಆಗಿರುತ್ತದೆ.

ಪದಕೋಶ: ಪದ ಪಾರಸಿಯದು. ಅಲ್ಲಿ ‘ಲಂಗರ್’ ಎಂದರೆ ಹಡಗಿನ ಲಂಗರೂ ಹೌದು, ಬಂದವರಿಗೆ ಅನ್ನ ಹಾಕುವ ಛತ್ರವೂ ಹೌದು. ಗುರುದ್ವಾರದ್ದು ಆ ಎರಡನೆಯ ಅರ್ಥ. ತಮಿಳು, ಮಲಯಾಳದಲ್ಲಿ ಮೊದಲಕ್ಷರ ನಕಾರ: ನಂಗೂರಂ, ನಂಕೂರಂ. ಮರಾಠಿಯ ‘ನಾಂಗರ’ ಇನ್ನೂ ಮಜಾ, ಲಂಗರಿಗೂ ನೇಗಿಲಿಗೂ ಒಂದೇ ಮಾತು. ನೇಗಿಲಿನ ಅರ್ಥ ಮಾತ್ರ ಸಂಸ್ಕೃತದ ಲಾಂಗಲದಿಂದ ಬಂದದ್ದು. ಎರಡೂ ನೆಲ ಸೀಳುವ ಹಲ್ಲಿನವೇ ಅನ್ನಿ! ಇಂಗ್ಲಿಷಿನ ‘ಆಂಕರ್’ ಗ್ರೀಕಿನಿಂದ ಬಂದದ್ದು, ಬೇರು ‘ಬಾಗು’ ಎಂಬ ಅರ್ಥದ್ದು. ನಮ್ಮ ಅಂಕುಶ ಅದರ ದಾಯಾದಿ.

ಆದರೆ ‘ಅವನು ಮಾವನ ಮನೆಯಲ್ಲೇ ಲಂಗರು ಹಾಕಿದ್ದಾನೆ’ ಎನ್ನುವ ಕನ್ನಡದಲ್ಲಿ ಪದ ಸಡಿಲವಾಗಿ ಆಗಿದೆ. ಪತ್ರಿಕೆಯವರನ್ನು ಪೂರ್ತಿ ತಪ್ಪೆನ್ನಲಾರೆ.

ದಕ್ಕೆಯಂಚು: ಮಾವನ ಮನೆಗೆ ಸಡಿಲ ಇರಲಿ, ಬೋಟಿಗೆ ಬೇಡ ಮಾರಾಯ್ರೆ. ‘ಲಂಗರು ಹಾಕಿದೆ’ ಎಂದರೆ ಗಾಳಿ ತಿರುಗಿದ ಹಾಗೆ ಬೋಟೂ ಸುತ್ತ ತಿರುಗುತ್ತದೆ, ಅಷ್ಟು ಜಾಗ ಬಿಡಬೇಕು ಎಂದರ್ಥ.

ಮಲ್ಪೆ_ತೀರ: ಹಗ್ಗ ಎಷ್ಟು ಬಿಡಬೇಕು?

ದಕ್ಕೆಯಂಚು: ನೀರಿನ ಆಳ 8 ಮೀಟರ್, ಉಬ್ಬರಕ್ಕೆ ಇನ್ನು ಏರುವುದು ಒಂದೂವರೆ, ನೀರಿನಿಂದ ಬೋಟಿನ ಮುಂತುದಿಗೆ ಒಂದೂವರೆ ಎಂದಿಟ್ಟುಕೊಳ್ಳಿ. ಒಟ್ಟು 11. ಅದರ ಐದು ಪಟ್ಟು, 55 ಮೀಟರ್. ಗಾಳಿ ಜೋರಿದ್ದರೆ ಏಳು ಪಟ್ಟು, 77. ಉಬ್ಬರವನ್ನೂ ಮುಂತುದಿಯ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯದೆ 40 ಮೀಟರಿಗೆ ನಿಲ್ಲಿಸುವುದೇ ಹೆಚ್ಚಿನವರ ತಪ್ಪು. ಲಂಗರು ಹಿಡಿಯುವುದು ತೂಕದಿಂದ ಮಾತ್ರ ಅಲ್ಲ. ಎಳೆತ ನೆಲಕ್ಕೆ ಸಮವಾಗಿ ಬಂದರೆ ಹಲ್ಲು ಒಳಗೆ ಹೂಳುತ್ತದೆ, ಮೇಲಕ್ಕೆ ಬಂದರೆ ಕಿತ್ತುಕೊಳ್ಳುತ್ತದೆ. ಲಂಗರಿನ ಬುಡದಲ್ಲಿ ಕೆಲವು ಮೀಟರ್ ಸರಪಳಿ ಇಡುವುದು ಅದಕ್ಕೇ.

ಸರಪಳಿಯನ್ನು ಒಮ್ಮೆಲೇ ಸುರಿಯಬೇಡಿ, ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಲಂಗರು ತಳ ಮುಟ್ಟಿದ ಮೇಲೆ ಬೋಟು ಹಿಂದೆ ಸರಿಯುತ್ತಿರುವಾಗ ಸ್ವಲ್ಪ ಸ್ವಲ್ಪವೇ ಬಿಟ್ಟು, ಕೊನೆಗೆ ನಿಧಾನ ರಿವರ್ಸ್ ಕೊಟ್ಟು ಕಚ್ಚಿಸಿ. ಹಗ್ಗದ ಮೇಲೆ ಕೈಯಿಟ್ಟಾಗ ಗಡಗಡ ನಡುಗಿದರೆ ಜಾರುತ್ತಿದೆ ಎಂದೇ ತಿಳಿಯಿರಿ.

ಪದಕೋಶ: ಸೇಂಟ್ ಮೇರೀಸ್ ದ್ವೀಪದ ಹಾಗೆ ಬಂಡೆ ಇರುವಲ್ಲಿ?

ದಕ್ಕೆಯಂಚು: ಅಲ್ಲಿ ಜಾರುವುದಕ್ಕಿಂತ ಸಿಕ್ಕಿಕೊಳ್ಳುವುದೇ ತೊಂದರೆ. ಲಂಗರಿನ ಹಲ್ಲಿರುವ ತುದಿಗೆ ಬೇರೊಂದು ಹಗ್ಗ ಕಟ್ಟಿ ಬೆಂಡು ತೇಲಿಸಿಡಿ. ಸಿಕ್ಕಿಕೊಂಡರೆ ಆ ಹಗ್ಗ ಹಿಡಿದು ಹಿಂದಿನಿಂದ ಎಳೆದರೆ ಬಿಡುತ್ತದೆ.