ಎರಡು ಪಟ್ಟು ವೇಗದ ಶೀನಿ

ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ ಶೀನಿಗೆ ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಸೀಟು ಸಿಕ್ಕಿತ್ತು, ಉಳಿದವರು ನಾಲ್ಕು ವರ್ಷ ಓದಿದ್ದನ್ನು ತಾನು ವಿಮಾನ ಹತ್ತುವ ಮುಂಚಿನ ಆರು ವಾರಗಳಲ್ಲಿ ಅರೆದು ಕುಡಿಯುತ್ತೇನೆಂದು ಅವನು ಹಟ ಹಿಡಿದಿದ್ದ.

"ನಿನ್ನೆ ರಾತ್ರಿ ಸಾರ್ಟಿಂಗ್, ಅಂದರೆ ಕ್ರಮವಾಗಿ ಜೋಡಿಸುವ ವಿದ್ಯೆ, ಮುಗಿಯಿತು ರಾಯರೇ, ಇಂದು ಬೆಳಿಗ್ಗೆ ಡೈಕ್‌ಸ್ಟ್ರಾ ಅಲ್ಗಾರಿದಮ್, ಅದೇ ಅತಿ ಹತ್ತಿರದ ದಾರಿ ಹುಡುಕುವ ಲೆಕ್ಕ. ಎಲ್ಲ ವಿಡಿಯೋಗಳನ್ನೂ ಎರಡು ಪಟ್ಟು ವೇಗದಲ್ಲಿ ನೋಡುತ್ತೇನೆ. ಒಂದು ಗಂಟೆಯ ಪಾಠ ಅರ್ಧ ಗಂಟೆಗೆ ಮುಗಿಯುತ್ತದೆ" ಎಂದು ಪಾರ್ಕಿನ ಬೆಂಚಿನ ಮೇಲೆ ಕೂರುತ್ತಲೇ ವರದಿ ಒಪ್ಪಿಸಿದ.

"ಊಟವನ್ನೂ ಹಾಗೆಯೇ ಮಾಡುತ್ತಾನೆ" ಎಂದ ನಾಣಿ.

ರಾಯರು ನಶ್ಯದ ಡಬ್ಬಿ ಮುಚ್ಚಿದರು. "ಆ ಡೈಕ್‌ಸ್ಟ್ರಾ ಎಂಬ ಪುಣ್ಯಾತ್ಮರು 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಮದುವೆಯಾಗಬೇಕಿದ್ದ ಹುಡುಗಿಯೊಂದಿಗೆ ಅಂಗಡಿ ಸುತ್ತಿ ದಣಿದು ಕಾಫಿ ಕುಡಿಯುತ್ತ ಕೂತಾಗ, ಪೆನ್ನು ಕಾಗದದ ಹಂಗಿಲ್ಲದೆ ಸುಮಾರು 20 ನಿಮಿಷದಲ್ಲಿ ಅದನ್ನು ಹೊಳೆಯಿಸಿಕೊಂಡರಂತೆ. ಇಷ್ಟು ಓಡಿಯೂ ನೀನು ಅವರಿಗಿಂತ ಹತ್ತು ನಿಮಿಷ ಹಿಂದೆಯೇ ಇದ್ದೀಯೆ."

"ಅವರಿಗೆ ಕಾಫಿಯೂ ಇತ್ತು, ಹುಡುಗಿಯೂ ಇದ್ದಳು" ಎಂದು ನಾಣಿ ಶೀನಿಯ ಪರ ವಹಿಸಿದ.

"ಸಾರ್ಟಿಂಗ್ ಕೇಳಿ, ಹೇಳುತ್ತೇನೆ" ಎಂದ ಶೀನಿ.

"ಗುಂಡಣ್ಣ ಕ್ಲಬ್ಬಿನಲ್ಲಿ ರಮ್ಮಿಯ 13 ಎಲೆಗಳನ್ನು ಒಂದೊಂದಾಗಿ ಎತ್ತಿ ಅದರದರ ಜಾಗಕ್ಕೆ ಸಿಕ್ಕಿಸುತ್ತಾನಲ್ಲ, ಅದಕ್ಕೇನು ಹೆಸರು?"

"ಇನ್ಸರ್ಷನ್ ಸಾರ್ಟ್!"

ಮೂವತ್ತು ವರ್ಷಗಳಿಂದ ತಾನು ಮಾಡುತ್ತಿದ್ದುದು ಕಂಪ್ಯೂಟರ್ ಸೈನ್ಸ್ ಎಂದು ಆ ಕ್ಷಣ ತಿಳಿದ ಗುಂಡಣ್ಣ, ಇದನ್ನು ಮೊದಲು ಹೆಂಡತಿಗೆ ಹೇಳಬೇಕೆಂದು ಬೆನ್ನು ನೆಟ್ಟಗೆ ಮಾಡಿ ಕೂತ.

"ಎಲೆಗಳು ಪೂರ್ತಿ ತಲೆಕೆಳಗಾದ ಕ್ರಮದಲ್ಲಿ ಬಂದರೆ ಎಷ್ಟು ಸಲ ಹೋಲಿಸಬೇಕು?"

"ಎನ್ ಸ್ಕ್ವೇರ್ ಅಂತ ಏನೋ ಹೇಳಿದರು..."

"ಅದು ಎಲೆ ಹೆಚ್ಚಿದಂತೆ ಕೆಲಸ ಬೆಳೆಯುವ ಬಗೆ, ನಾನು ಕೇಳಿದ್ದು ಲೆಕ್ಕ. ಎರಡನೆಯ ಎಲೆಗೆ ಒಂದು, ಮೂರನೆಯದಕ್ಕೆ ಎರಡು, ಹೀಗೆ ಹದಿಮೂರನೆಯದಕ್ಕೆ ಹನ್ನೆರಡು; ಒಟ್ಟು 78. ನಿನ್ನ ವೇಗದಲ್ಲಿ 39ಕ್ಕೇ ಮುಗಿಯುತ್ತದೇನೋ."

"ನಿಧಾನವಾಗಿ ಕೇಳಿದರೆ ನಿದ್ದೆ ಬರುತ್ತದೆ ರಾಯರೇ."

"ನನ್ನ ಕ್ಲಾಸಿನಲ್ಲಿಯೂ ಬರುತ್ತಿತ್ತು. ಬೋರ್ಡಿನ ಮೇಲೆ ಒಂದು ಸಾಲು ಬರೆದು, ಹಿಂದಕ್ಕೆ ತಿರುಗಿ, ಕೊನೆಯ ಬೆಂಚಿನ ಒಬ್ಬನದಾದರೂ ಮುಖ ಅರಳುವವರೆಗೆ ಸುಮ್ಮನೆ ನಿಂತಿರುತ್ತಿದ್ದೆ. ಆ ಒಂದು ನಿಮಿಷಕ್ಕೇ ಸರ್ಕಾರ ನನಗೆ ಸಂಬಳ ಕೊಟ್ಟಿತೆಂದು ಈಗಲೂ ಅನ್ನಿಸುತ್ತದೆ. ನಿನ್ನ ಫೋನು ಅದನ್ನೂ ಅರ್ಧ ಮಾಡಿಬಿಡುತ್ತದೆಯಲ್ಲಯ್ಯ."

ಯಾರೂ ಮಾತಾಡಲಿಲ್ಲ. ಗುಂಡಣ್ಣ ಜೇಬಿನಿಂದ ಇಸ್ಪೀಟು ಕಟ್ಟು ತೆಗೆದು, 13 ಎಲೆ ಎಣಿಸಿ, ತಲೆಕೆಳಗಾಗಿ ಜೋಡಿಸಿ ಶೀನಿಯ ಕೈಗಿತ್ತ. ಶೀನಿ ತುಟಿ ಅಲ್ಲಾಡಿಸುತ್ತ ಒಂದೊಂದೇ ಹೋಲಿಸತೊಡಗಿದವನು, 31ರಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಆರಂಭಿಸಿದ. ಪಾರ್ಕಿನ ದೀಪಗಳು ಹತ್ತಿಕೊಂಡವು. ಮನೆಗೆ ಹೊರಟು ನಿಂತಿದ್ದ ನಾಣಿ ತಿರುಗಿ ಬಂದು ಕೂತ.

ಪಾಯಿಂಟಿಗೆ ಎಷ್ಟೆಂದು ಗುಂಡಣ್ಣ ಮೆಲ್ಲಗೆ ಕೇಳಿದ.