ಜಾರ್ಜ್ ವಾಷಿಂಗ್ಟನ್ ಭಾವಚಿತ್ರ: ಮೂಲ ಯಾವುದು, ಪ್ರತಿ ಯಾವುದು?

ಪ್ರಶ್ನೆ: ನಮಸ್ಕಾರ ಸರ್. ಮಗಳ ಮನೆಗೆಂದು ಅಮೆರಿಕಕ್ಕೆ ಬಂದಿದ್ದೇನೆ. ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ಆಳೆತ್ತರದ ಪಟ ನೋಡಿದೆ. ಕಪ್ಪು ಉಡುಪು, ಮುಂದೆ ಚಾಚಿದ ಬಲಗೈ. ಶ್ವೇತಭವನದ ಫೋಟೊಗಳಲ್ಲೂ ಅದೇ ಪಟ ಇದೆಯಲ್ಲ! ಅಧ್ಯಕ್ಷರ ಮನೆಯಲ್ಲಿರುವುದು ನಕಲಿಯೇ?

ಉತ್ತರ: ಮೇಡಂ, ‘ನಕಲಿ’ ಬೇಡ, ‘ಪ್ರತಿ’ ಅನ್ನಿ. ಮೋಸ ಮಾಡಲೆಂದು ಬರೆದದ್ದಲ್ಲ ಅದು. ನೀವು ಗ್ಯಾಲರಿಯಲ್ಲಿ ಕಂಡದ್ದು ಮೂಲ, ಚಿತ್ರಕಾರ ಗಿಲ್ಬರ್ಟ್ ಸ್ಟುವರ್ಟ್ 1796ರಲ್ಲಿ ಬರೆದದ್ದು. ಶ್ವೇತಭವನಕ್ಕೆ 1800ರಲ್ಲಿ ಕೊಂಡದ್ದು ಅದರ ಪ್ರತಿ.

ಗುರುತು ಹಿಡಿಯಲು ಮುಖ ನೋಡಬೇಡಿ, ಮೇಜಿನ ಕೆಳಗಿರುವ ಪುಸ್ತಕಗಳನ್ನು ನೋಡಿ. ಶ್ವೇತಭವನದ ಪಟದಲ್ಲಿ ಒಂದು ಪುಸ್ತಕದ ಬೆನ್ನಿನ ಮೇಲೆ ‘ಯುನೈಟೆಡ್ ಸ್ಟೇಟ್ಸ್’ ಎಂಬಲ್ಲಿ ಒಂದು ‘ಟಿ’ ಬಿಟ್ಟುಹೋಗಿ ‘ಸೇಟ್ಸ್’ ಆಗಿದೆ. ಪ್ರತಿ ಮಾಡುವಾಗ ಕಣ್ಣು ಅಕ್ಷರವನ್ನು ಓದುವುದಿಲ್ಲ, ಬರೀ ಗೆರೆಯಾಗಿ ನೋಡುತ್ತದೆ. ನಾನೂ ಒಬ್ಬರ ತಾತನವರ ಭಾವಚಿತ್ರದ ಪ್ರತಿ ಮಾಡುವಾಗ ಕೆಳಗಿನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟಿದ್ದೆ. ಮೂರು ದಿನ ಕಣ್ಣೆದುರೇ ಇದ್ದರೂ ಕಾಣಲಿಲ್ಲ.

ಹಾಗೆಂದು ಆ ಪ್ರತಿಯ ಬೆಲೆ ಕಡಿಮೆಯಲ್ಲ. 1814ರಲ್ಲಿ ಬ್ರಿಟಿಷ್ ಸೈನ್ಯ ಶ್ವೇತಭವನಕ್ಕೆ ಬೆಂಕಿ ಇಡಲು ಬರುತ್ತಿದ್ದಾಗ ಆಗಿನ ಅಧ್ಯಕ್ಷರ ಪತ್ನಿ ಡಾಲಿ ಮ್ಯಾಡಿಸನ್ ಚೌಕಟ್ಟು ಒಡೆಸಿ ಕ್ಯಾನ್ವಾಸ್ ಬಿಡಿಸಿ ಕಳಿಸಿ ಉಳಿಸಿದ್ದು ಈ ಪ್ರತಿಯನ್ನೇ.

ಪ್ರಶ್ನೆ: ಒಂದು ಡಾಲರ್ ನೋಟಿನ ಮೇಲಿರುವ ಮುಖವೂ ಇದರದ್ದೇನಾ ಸರ್?

ಉತ್ತರ: ಅಲ್ಲ. ಅದೇ 1796ರಲ್ಲಿ ವಾಷಿಂಗ್ಟನ್ನರ ಹೆಂಡತಿ ಮಾರ್ಥಾ ಕೇಳಿ ಬರೆಸಿದ ಇನ್ನೊಂದು ಪಟದ್ದು. ಸ್ಟುವರ್ಟ್ ಅದನ್ನು ಮುಗಿಸಲೂ ಇಲ್ಲ, ಕೊಡಲೂ ಇಲ್ಲ. ಪಾಪ, ಆಕೆಗೆ ಸಿಗಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಆತ ಅದನ್ನು ಕೈಯಲ್ಲಿಟ್ಟುಕೊಂಡು, ನೋಡಿ ನೋಡಿ 60ಕ್ಕೂ ಹೆಚ್ಚು ಪ್ರತಿ ಬರೆದು, ಒಂದಕ್ಕೆ 100 ಡಾಲರಿನಂತೆ ಮಾರಿದ. ‘ನನ್ನ ನೂರು ಡಾಲರ್ ನೋಟುಗಳು’ ಅಂತಲೇ ಕರೆಯುತ್ತಿದ್ದನಂತೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಆತನ ಚಿತ್ರವನ್ನು ಬೇರೆಯವರು ಪ್ರತಿ ಮಾಡಿದರೆ ಸುಮ್ಮನಿದ್ದನೇ?

ಉತ್ತರ: ಇಲ್ಲ ಸರ್. ಒಬ್ಬ ಹಡಗಿನ ಕ್ಯಾಪ್ಟನ್ ಚೀನಾದ ಕ್ಯಾಂಟನ್ನಿನಲ್ಲಿ ಗಾಜಿನ ಮೇಲೆ ಪ್ರತಿಗಳನ್ನು ಬರೆಸಿ ತಂದು ಮಾರಲು ಹೊರಟಾಗ, 1802ರಲ್ಲಿ ಕೋರ್ಟಿಗೆ ಹೋಗಿ ತಡೆ ತಂದ. ಗಾಜಿನ ಹಿಂಬದಿಗೆ ಬರೆದು ಮುಂಬದಿಯಿಂದ ನೋಡುವುದರಿಂದ ಆ ಕೆಲಸ ತಿರುಗುಮುರುಗು: ಕಣ್ಣಿನ ಹೊಳಪಿನ ಚುಕ್ಕೆ ಮೊದಲು, ಹಿನ್ನೆಲೆ ಕೊನೆಗೆ. ನಮ್ಮ ಮೈಸೂರು, ತಂಜಾವೂರಿನ ಗಾಜಿನ ಚಿತ್ರಗಳದ್ದೂ ಇದೇ ಕ್ರಮ.

ಪ್ರಶ್ನೆ: ಆ ಮುಗಿಯದ ಪಟ ನೋಡಲು ಸಿಗುತ್ತದೆಯೇ ಸರ್?

ಉತ್ತರ: ಸಿಗುತ್ತದೆ ಮೇಡಂ. ನಿಮ್ಮ ಆ ಗ್ಯಾಲರಿ ಮತ್ತು ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂ ಸೇರಿ 1980ರಲ್ಲಿ ಕೊಂಡವು, ಸರದಿಯ ಮೇಲೆ ಇಟ್ಟುಕೊಳ್ಳುತ್ತಾ ಬಂದಿವೆ. ಈಗ ಎಲ್ಲಿದೆ ಅಂತ ಮಗಳಿಂದ ಕೇಳಿಸಿಕೊಂಡು ಹೋಗಿ. ತಲೆ, ಸುತ್ತ ಒಂದಿಷ್ಟು ಕಂದು ಬಣ್ಣ, ಉಳಿದದ್ದೆಲ್ಲ ಖಾಲಿ. ಬಣ್ಣ ನಿಂತ ಆ ಅಂಚಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಕುಂಚ ಎಲ್ಲಿ ಕೈಬಿಟ್ಟಿತು ಅಂತ ಅಲ್ಲೇ ಕಾಣುತ್ತದೆ.