ಹಳೇ ಸಿಓಟೂ ಲೇಸರ್ ತೆಗ್ದು ಫೈಬರ್ ಹಾಕಿದ್ರೆ ಕಾರ್ಬನ್ ನಿಜವಾಗ್ಲೂ ಕಮ್ಮಿ ಆಗುತ್ತಾ?

ಪೀಣ್ಯ_ಶೀಟ್‌ಮೆಟಲ್:
ನಮ್ದು ಪೀಣ್ಯದಲ್ಲಿ ಜಾಬ್‌ವರ್ಕ್ ಶಾಪು, ಎಂಎಸ್ (ಮಾಮೂಲಿ ಸ್ಟೀಲ್), ಎಸ್‌ಎಸ್ (ಸ್ಟೇನ್‌ಲೆಸ್) ಶೀಟ್ ಕಟಿಂಗ್, ಬೆಂಡಿಂಗ್. ಇರೋದು ಹಳೇ 4 ಕಿಲೋವಾಟ್ ಸಿಓಟೂ ಲೇಸರ್, ಅಂದ್ರೆ ಗ್ಯಾಸಲ್ಲಿ ಕಿರಣ ಹುಟ್ಟಿಸಿ ಕಟ್ ಮಾಡೋ ಮಷೀನು. ಸ್ಟ್ರಕ್ಚರ್‌ಗೆ ಹಾಕೋ ಪ್ಲೇಟ್‌ಗಳು ಜರ್ಮನಿಗೆ ಹೋಗ್ತವೆ, ಆಮದು ಮಾಲಿನ ಕಾರ್ಬನ್‌ಗೆ ದುಡ್ಡು ಕಟ್ಟಿಸೋ ಯೂರೋಪಿನ ಸಿಬ್ಯಾಮ್ ರೂಲು 2026ರ ಜನವರಿಯಿಂದ ಪೂರ್ತಿ ಜಾರಿ ಆಯ್ತಲ್ಲ, ಈಗ ಆ ಕಸ್ಟಮರ್ ಕಾರ್ಬನ್ ಲೆಕ್ಕ ಕೊಡಿ ಅಂತ ಹಿಂದೆ ಬಿದ್ದಿದಾರೆ. ಮಷೀನ್ ಮಾರೋರು ಗಾಜಿನ ಎಳೆಯಲ್ಲಿ ಕಿರಣ ಹುಟ್ಟಿಸೋ ಫೈಬರ್ ಲೇಸರ್ ಹಾಕ್ಬಿಡಿ ಎಲ್ಲಾ ಸರಿಹೋಗುತ್ತೆ ಅಂತಾರೆ. ಸಾಲ ಮಾಡೋ ಮುಂಚೆ ಗೊತ್ತಿರೋರನ್ನ ಕೇಳೋಣ ಅಂತ.

ಬೀಮ್_ಸರ್ವಿಸ್:
ಕರೆಂಟಲ್ಲಿ ವ್ಯತ್ಯಾಸ ದೊಡ್ಡದೇ ಸರ್. ಸಿಓಟೂದಲ್ಲಿ ಎಳೆದ ಕರೆಂಟಿನಲ್ಲಿ ಬೀಮ್ ಆಗಿ ಬರೋದು ಸುಮಾರು ಶೇ 10, ಫೈಬರ್‌ದು ಶೇ 30ರ ಮೇಲೆ. ಅಂದ್ರೆ ನಿಮ್ಮ 4 ಕಿಲೋವಾಟ್‌ಗೆ ಸಿಓಟೂದಲ್ಲಿ 40 ಕಿಲೋವಾಟ್ ಕರೆಂಟ್ ಬೇಕು, ಫೈಬರಲ್ಲಿ 12-13. ಮಿಕ್ಕಿದ್ದೆಲ್ಲ ಬಿಸಿ, ಅದನ್ನ ತೆಗೆಯೋಕೆ ಚಿಲ್ಲರ್ ಬೇರೆ ಓಡ್ಬೇಕು. ಶೀಟ್ ಲೋಡ್ ಮಾಡ್ತಾ ಕಟಿಂಗ್ ನಿಂತಿದ್ರೂ ಸಿಓಟೂ ಮಷೀನಿನ ಬ್ಲೋವರ್ ತಿರುಗ್ತಾನೇ ಇರುತ್ತೆ, ಮೀಟ್ರೂ ಓಡ್ತಾನೇ ಇರುತ್ತೆ. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಹಿಡಿದ್ರೆ ಗಂಟೆಗೆ ಹೆಚ್ಚುಕಮ್ಮಿ 20 ಕೆಜಿ ಉಳೀತು. ಅಕ್ರಿಲಿಕ್, ಮರದ ಜಾಬ್ ಇದ್ರೆ ಮಾತ್ರ ಹಳೇದನ್ನ ಮಾರ್ಬೇಡಿ, ಫೈಬರಲ್ಲಿ ಅದು ಆಗಲ್ಲ.

ನೆಸ್ಟಿಂಗ್_ಮನುಷ್ಯ:
ಮೇಲಿನ ಲೆಕ್ಕ ಸರಿ, ಆದ್ರೆ ನಿಮ್ಮ ಪಾರ್ಟಿನ ಕಾರ್ಬನ್ ಕೂತಿರೋದು ಲೇಸರಲ್ಲಿ ಅಲ್ಲ, ಶೀಟಲ್ಲಿ. ನಮ್ಮಲ್ಲಿ ಒಂದು ಟನ್ ಸ್ಟೀಲ್ ತಯಾರಾಗೋಕೆ ಸರಾಸರಿ 2.5 ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತೆ. ಗಂಟೆಗೆ 20 ಕೆಜಿ ಉಳಿಸ್ತಾ 125 ಗಂಟೆ ಮಷೀನ್ ಓಡಿಸಿದ್ರೆ ಎಷ್ಟೋ, ಒಂದು ಟನ್ ಶೀಟ್ ಕಮ್ಮಿ ಕೊಂಡ್ರೆ ಅಷ್ಟೇ. ತಿಂಗಳಿಗೆ 100 ಟನ್ ಕಟ್ ಮಾಡೋರಿಗೆ ಒಂದು ಟನ್ ಅನ್ನೋದು ಬರೀ ಶೇ 1. ಮೊದಲು ನೆಸ್ಟಿಂಗ್ (ಶೀಟ್ ವೇಸ್ಟ್ ಆಗದ ಹಾಗೆ ಪಾರ್ಟ್ ಜೋಡಿಸೋದು) ನೋಡಿ, ಎರಡು ಪಾರ್ಟ್ ನಡುವೆ ಒಂದೇ ಕಟ್ ಬರೋ ಹಾಗೆ ಕಾಮನ್ ಲೈನ್ ಹಾಕಿ, ಬೇರೆಬೇರೆ ಆರ್ಡರ್ ಒಂದೇ ಶೀಟಲ್ಲಿ ಸೇರಿಸಿ, ಉಳಿದ ತುಂಡಿಗೆ ಸೈಜ್ ಬರೆದು ಸ್ಟಾಕಲ್ಲಿ ಎಂಟ್ರಿ ಮಾಡಿ, ಇಲ್ದಿದ್ರೆ ಅದು ಮೂಲೇಲಿ ತುಕ್ಕು ಹಿಡಿದು ಗುಜರಿಗೇ ಹೋಗೋದು.

ಇನ್ನೊಂದು ಮುಖ್ಯ ವಿಷಯ, ಸಿಬ್ಯಾಮ್‌ನಲ್ಲಿ ಸ್ಟೀಲ್ ಐಟಂಗೆ ಎಣಿಸೋದು ನೇರ ಎಮಿಷನ್ (ತಯಾರಿಸೋ ಜಾಗದಲ್ಲೇ ಬಿಡೋ ಕಾರ್ಬನ್) ಮಾತ್ರ, ನಿಮ್ಮ ಕರೆಂಟ್ ಅದರಲ್ಲಿ ಬರೋದೇ ಇಲ್ಲ! ಬರೋದು ಶೀಟ್ ಮಾಡಿದ ಮಿಲ್ಲಿನ ಎಮಿಷನ್. ಅದಕ್ಕೇ ಡೀಲರ್ ಹತ್ರ ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚಿನ ನಂಬರ್) ಇರೋ ಮಿಲ್ ಸರ್ಟಿಫಿಕೇಟ್ ಕೇಳಿ, ಆ ಮಿಲ್ಲಿಂದ ಎಮಿಷನ್ ಡೇಟಾನೂ ತರಿಸಿ. ಯಾವ ಮಿಲ್ ಅಂತಾನೇ ಗೊತ್ತಿಲ್ದಿರೋ ಶೀಟ್ ಎಕ್ಸ್‌ಪೋರ್ಟ್ ಜಾಬ್‌ಗೆ ಹಾಕ್ಲೇಬೇಡಿ.

ಹುಬ್ಬಳ್ಳಿ_ಕೋಟಿಂಗ್:
ಕಟ್ ಮಾಡೋವಾಗ ಊದೋ ಗ್ಯಾಸ್ ಬಗ್ಗೆ ಯಾರೂ ಹೇಳ್ಲಿಲ್ಲ. ಆಕ್ಸಿಜನ್‌ನಲ್ಲಿ ಕಟ್ ಮಾಡಿದ ಎಂಎಸ್ ಅಂಚಲ್ಲಿ ಕಪ್ಪು ಆಕ್ಸೈಡ್ ಕೂರುತ್ತೆ, ಹಂಗೇ ಪೌಡರ್ ಕೋಟಿಂಗ್ ಮಾಡಿದ್ರೆ ಅಂಚಿಂದ ಈರುಳ್ಳಿ ಸಿಪ್ಪೆ ತರ ಎದ್ದು ಬರುತ್ತೆ, ಆಮೇಲೆ ಗ್ರೈಂಡಿಂಗು, ರೀಕೋಟು, ಓವನ್ ಇನ್ನೊಂದು ರೌಂಡು. ನೈಟ್ರೋಜನ್ ಹಾಕಿದ್ರೆ ಅಂಚು ಬೆಳ್ಳಗೆ ಬರುತ್ತೆ, ಆದ್ರೆ ಅದನ್ನ ಗಾಳಿಯಿಂದ ಬೇರ್ಪಡಿಸೋಕೂ ಕರೆಂಟ್ ಬೇಕು. ತೆಳು ಶೀಟ್‌ಗೆ ಕಂಪ್ರೆಸ್ಡ್ ಏರ್ ಸಾಕಾಗುತ್ತೆ, ಲೈನಲ್ಲಿ ಲೀಕ್ ಇಲ್ದೆ ಇದ್ರೆ.

ಪೀಣ್ಯ_ಶೀಟ್‌ಮೆಟಲ್:
ಎಲ್ರಿಗೂ ಥ್ಯಾಂಕ್ಸ್, ಕರೆಂಟ್ ಲೆಕ್ಕಕ್ಕೇ ಬರಲ್ಲ ಅಂತ ಮಷೀನ್ ಮಾರೋರು ಒಬ್ರೂ ಹೇಳ್ಲಿಲ್ಲ. ಒಂದು ಡೌಟು, ಸ್ಕ್ರ್ಯಾಪ್ ಹೇಗೂ ಫರ್ನೇಸಿಗೆ ಹೋಗಿ ಕರಗುತ್ತೆ, ಅದು ಪೂರ್ತಿ ನಷ್ಟ ಹೇಗೆ?

ನೆಸ್ಟಿಂಗ್_ಮನುಷ್ಯ:
ದೇಶದ ಲೆಕ್ಕಕ್ಕೆ ಪೂರ್ತಿ ನಷ್ಟ ಅಲ್ಲ, ನಿಜ. ಆದ್ರೆ ಕರಗ್ಸೋಕೆ, ಮತ್ತೆ ರೋಲ್ ಮಾಡೋಕೆ ಎನರ್ಜಿ ಬೇಕೇ ಬೇಕು, ಮತ್ತೆ ಕಸ್ಟಮರ್ ಕೇಳೋ ಲೆಕ್ಕದಲ್ಲಿ ನೀವು ಆ ಪಾರ್ಟಿಗೆ ಅಂತ ಬಳಸಿದ ಪೂರ್ತಿ ಶೀಟಿನ ಕಾರ್ಬನ್ ಪಾರ್ಟ್ ಮೇಲೇ ಬೀಳುತ್ತೆ. ಫೈಬರ್ ಬೇಡ ಅಂತಿಲ್ಲ, ಕರೆಂಟ್ ಬಿಲ್‌ಗೋಸ್ಕರ ತಗೊಳ್ಳಿ. ಸಿಬ್ಯಾಮ್‌ಗೋಸ್ಕರ ಅಂತ ಸಾಲ ಮಾಡ್ಬೇಡಿ.